ಗಂಡನಿಗೆ ಬಾರೋ ಎಂದದ್ದು

ಮೊದಲು ಜೋಮು ಹಿಡಿದದ್ದು ಪಾದಗಳಿಗೆ.

ತಾಂಡೂರಿನ ಶಾಲೆಯೊಂದರ ಮೈದಾನದಲ್ಲಿ ನನ್ನ ಗಂಡ ಮಕ್ಕಳಿಗೆ ಟೇಕ್ವಾಂಡೋ ಕಲಿಸುತ್ತಿದ್ದರು. ಆ ಸಂಜೆ ಮುಂದಿಟ್ಟ ಕಾಲು ಬಾಗಿಸಿ ನಿಲ್ಲುವ ಸ್ಟಾನ್ಸ್ ತೋರಿಸುತ್ತಲೇ ಕುಸಿದರಂತೆ. ಮನೆಗೆ ಬಂದು, "ಕಾಲು ನನ್ನವ ಅನಸವಲ್ಲವು," ಎಂದರು. ಎಣ್ಣೆ ತಿಕ್ಕಿದೆ. ಬೆಳಿಗ್ಗೆ ಕೈಯೂ ಏಳಲಿಲ್ಲ.

ಅಂದು ಪ್ರತ್ಯೇಕ ರಾಜ್ಯಕ್ಕಾಗಿ ತೆಲಂಗಾಣ ಬಂದ್. ಹೈದರಾಬಾದಿನ ದಾರಿಯುದ್ದಕ್ಕೂ ರಸ್ತೆಗೆ ಅಡ್ಡ ಕಲ್ಲು. ಆಂಬುಲೆನ್ಸ್ ಕಂಡು ಚಳವಳಿಯ ಹುಡುಗರೇ ಸರಿಸಿದರು. ಆದರೂ ಗಾಡಿ ನಿಂತಾಗಲೆಲ್ಲ ನನಗೆ ಜೀವ ಹೋಗಿ ಬರುತ್ತಿತ್ತು. ಆಸ್ಪತ್ರೆಯಲ್ಲಿ ಜಿಬಿಎಸ್ ಎಂದರು. ದೇಹವೇ ತನ್ನ ನರಗಳ ಮೇಲೆ ತಿರುಗಿ ಬೀಳುವ ರೋಗವಂತೆ.

ಸಂಜೆಗೆ ವೆಂಟಿಲೇಟರ್.

ಐಸಿಯುನಲ್ಲಿ ಅವರು ಕಣ್ಣು ಮಾತ್ರ ಆಡಿಸುತ್ತಿದ್ದರು. ಊರ ಮಕ್ಕಳಿಗೆಲ್ಲ ಒದೆಯಲು ಕಲಿಸಿದವರು ತಮ್ಮ ಕಣ್ಣೀರು ಒರೆಸಿಕೊಳ್ಳಲಾರದೆ ಮಲಗಿದ್ದರು. ನನಗೆ ದೇವರ ಮೇಲೂ ಸಿಟ್ಟು, ಆ ಕೊರಿಯಾದ ಆಟದ ಮೇಲೂ ಸಿಟ್ಟು. ಆಟಕ್ಕೂ ರೋಗಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಅದು ಇಳಿಯಲಿಲ್ಲ.

ಹೇಗೋ ಉಸಿರು ಮರಳಿತು. ಮನೆಗೆ ಬಂದೆವು. ಫಿಸಿಯೋಥೆರಪಿಯವರು ಎಬ್ಬಿಸಿ ನಿಲ್ಲಿಸಿ ಹೋದರೆ, ಅವರ ಬೆನ್ನಿಗೇ ಇವರು ಮತ್ತೆ ಹಾಸಿಗೆ ಹಿಡಿಯುತ್ತಿದ್ದರು. ಹೀಗೇ ಮಲಗಿಬಿಡುತ್ತಾರೇನೋ ಎಂದು ಒಳಗೊಳಗೇ ಹೆದರಿದ್ದೆ. ಒಂದು ದಿನ ತಾವಾಗಿಯೇ, "ನನಗ ದನಿ ಏಳವಲ್ದು. ನೀ ಕಮಾಂಡ್ ಕೊಡು. ಮೊದಲ ಪ್ಯಾಟರ್ನ್ ಮಾಡಾಕ ನೋಡ್ತೀನಿ," ಎಂದರು.

ಪ್ಯಾಟರ್ನ್ ಎಂದರೆ ಒಂದರ ಹಿಂದೊಂದು ಮಾಡುವ ಹೆಜ್ಜೆ, ಹೊಡೆತಗಳ ವರಸೆ. ಮೊದಲನೆಯದರ ಅರ್ಥ ಆಕಾಶವಂತೆ. ಅದರ ಸ್ಟಾನ್ಸ್ ಮಾತ್ರ ಬಹುಪಾಲು ನಾವು ನೀವು ನಡೆಯುವ ಹೆಜ್ಜೆಯಷ್ಟೇ. ಶುರು ಮಾಡಿದ ಜಾಗಕ್ಕೇ ಬಂದು ಮುಗಿಸಬೇಕು. ಕೊನೆಯ ಕಮಾಂಡ್ "ಬಾರೋ". ಕೊರಿಯಾದವರ ಭಾಷೆಯಲ್ಲಿ, ಮೊದಲಿನಂತೆ ನಿಲ್ಲು ಎಂದು. ಕನ್ನಡ ಬಲ್ಲ ಮಕ್ಕಳು ಅದನ್ನು ಕೇಳಿ ಕಿಸಕ್ಕನೆ ನಗುತ್ತಿದ್ದರು.

ಗಂಡನಿಗೆ ಬಾರೋ ಅನ್ನುವುದುಂಟೆ? ಅದೂ ಅಲ್ಲೇ ಕುಳಿತಿದ್ದ ಅತ್ತೆಯ ಎದುರಿಗೆ?

ಗೋಡೆ ಹಿಡಿದು ನಡುಗುತ್ತಾ ಎರಡು ಹೆಜ್ಜೆ ಹೋದರು. ತಿರುಗುವಾಗ ಮೊಣಕಾಲು ಸೋತಿತು. ಹಾಸಿಗೆಯತ್ತ ನೋಡಿದರು. ನಾನು ಅತ್ತೆಯತ್ತ ನೋಡಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಾರೋ ಅನ್ನವ್ವ, ನಾ ಏನೂ ತಿಳ್ಕೊಳ್ಳಂಗಿಲ್ಲ. ಹೆಂಗರೆ ಮಾಡಿ ಕರಿ ಅವನ್ನ," ಎಂದರು.

"ಬಾರೋ!" ಎಂದೆ. ನಾಲಿಗೆ ಸುಮ್ಮನಿರದೆ ಹಿಂದೆಯೇ "ರೀ" ಸೇರಿಸಿತು.

ಅವರು ನಕ್ಕರು. ಆಸ್ಪತ್ರೆ ಕಂಡ ಮೇಲೆ ಮೊದಲ ನಗು. ಗೋಡೆ ಬಿಟ್ಟು, ಹೊಸ್ತಿಲ ಬಳಿ ಹೊರಟ ಜಾಗಕ್ಕೇ ಬಂದು ನಿಂತರು. ಹಾಗೆ ನಿಲ್ಲುವಾಗ ಕಟ್ಟಬೇಕಾದ ಮುಷ್ಟಿ ಮಾತ್ರ ಪೂರ್ತಿ ಮುಚ್ಚಲಿಲ್ಲ.

ಇಂದಿಗೂ ಒದೆಯಲಾರರು. ಮುಂದೇನೆಂದು ಡಾಕ್ಟರೂ ಮಾತು ಕೊಟ್ಟಿಲ್ಲ. ಅವರ ಹೆಜ್ಜೆ ತಡವರಿಸಿದರೆ ಈಗಲೂ ಹಿಡಿಯಲು ಓಡುತ್ತೇನೆ. ಆದರೂ ಬೆಳಗಾದರೆ ಹೊಸ್ತಿಲ ಬಳಿ ನಿಂತು ನನ್ನ ದಾರಿ ನೋಡುತ್ತಾರೆ. ರೊಟ್ಟಿ ಬಡಿಯುವುದು ಬಿಟ್ಟು ಕಮಾಂಡ್ ಕೊಡಲು ಹೋಗುತ್ತೇನೆ.

ಈಗ "ರೀ" ಸೇರಿಸುವುದಿಲ್ಲ.