ಹದಿನೇಳ ಎಂಟ್ಲೆ ಎಷ್ಟು?

ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಶ್ರೀಶೈಲನದು ಗುಮಾಸ್ತನ ಕುರ್ಚಿ. ಆದರೆ ಹೂವಿನ ಹಿಪ್ಪರಗಿಯ ಅವನ ಓಣಿಯಲ್ಲಿ, ಕಾಲುವೆಗೆ ನೀರು ಬಿಡುವವನು ಇವನೇ ಎಂಬ ನಂಬಿಕೆ ಇತ್ತು. ಅದನ್ನು ಅವನು ಅಲ್ಲಗಳೆಯಲು ಹೋಗಿರಲಿಲ್ಲ.

ಕೊರೊನಾ ಕಾಲದ ಒಂದೂವರೆ ವರ್ಷದ ಮೊಬೈಲ್ ಪಾಠ ಮುಗಿದು, ಶಾಲೆ ಬಾಗಿಲು ತೆರೆದು, ಪಾಲಕರ ಸಭೆ ಕರೆದಾಗ ಮಾತಾಡಲು ಮೊದಲು ಎದ್ದವನು ಅವನೇ. ಚಿಂತೆಯೇನೋ ನಿಜವಾದದ್ದೇ. ಏಳನೆಯ ತರಗತಿಯ ಮಗಳು ಪ್ರಿಯದರ್ಶಿನಿ ಮೊದಲು ವಟವಟ ಅನ್ನುತ್ತಿದ್ದವಳು, ಈಗ ಕರೆದರೂ ಬಾಯಿ ಬಿಡುತ್ತಿರಲಿಲ್ಲ. ಅವನು ನಾಲ್ಕು ಹಾಳೆ ಭಾಷಣ ಬರೆದುಕೊಂಡು ಬಂದಿದ್ದ.

“ಆ ಮೊಬೈಲ್ ಸಾಲಿ ನನ್ನ ಮಗಳ ಮಾತ ನುಂಗೇತಿ,” ಎಂದು ಮುಗಿಸಿದಾಗ ಚಪ್ಪಾಳೆ ಬಿತ್ತು. ಅದು ಪೂರ್ತಿ ನಿಲ್ಲುವವರೆಗೆ ಶ್ರೀಶೈಲ ಕೂಡಲಿಲ್ಲ.

ಸಭೆ ಮುಗಿದ ಮೇಲೆ ಗಣಿತದ ಶಕೀಲಾ ಟೀಚರ್ ಅವನನ್ನು ಪಡಸಾಲೆಯ ಮೂಲೆಗೆ ಕರೆದರು.

“ಮಂದಿ ಮುಂದ ಬ್ಯಾಡಂತ ಸುಮ್ನಿದ್ದೆರಿ. ಒಂದಿನ ಮೊಬೈಲ್ ಪಾಠದಾಗ ನಿಮ್ಮ ಮಗಳು ಹದಿನೇಳರ ಮಗ್ಗಿ ಹೇಳಾಕತ್ತಿದ್ಲು. ಎಂಟ್ಲೆಕ್ಕ ಬಂದು ತಡವರಿಸಿದ್ಲು. ಹಿಂದಿಂದ ಯಾರೋ, ‘ಇಷ್ಟೂ ಬರಂಗಿಲ್ಲೇನ ಎಮ್ಮಿ? ಮನಿ ಮರ್ಯಾದಿ ತಗದಿ’ ಅಂದ್ರು. ಮೈಕ್ ಚಾಲೂ ಇತ್ತರಿ. ನಲವತ್ತ ಹುಡುಗ್ರು ಕೇಳಿದ್ರು. ಅವತ್ತ ಬಂದ್ ಮಾಡಿದ ಮೈಕ್ ಆಕಿ ಮತ್ತ ಚಾಲೂ ಮಾಡಲಿಲ್ಲ. ಹುಡುಗ್ರು ಇನ್ನೂ ಎಮ್ಮಿ ಅಂತಾರ.”

ಆ ಯಾರೋ ಯಾರೆಂದು ಇಬ್ಬರಿಗೂ ಗೊತ್ತಿತ್ತು. ಮಗಳನ್ನು ಶಿಸ್ತಿನಲ್ಲಿಟ್ಟ ಆ ಕತೆಯನ್ನು ಶ್ರೀಶೈಲ ಕಚೇರಿಯಲ್ಲಿ ಚಹಾದ ಜೊತೆ ಎರಡು ಸಲ ಹೇಳಿಯೂ ಇದ್ದ. ಹೆಸರು ಹೇಳದೆ ಬಿಟ್ಟ ಟೀಚರಮ್ಮನ ದಾಕ್ಷಿಣ್ಯವೇ ಅವನನ್ನು ಹೆಚ್ಚು ಸುಟ್ಟಿತು.

“ಸರ, ಹದಿನೇಳ ಎಂಟ್ಲೆ ಎಷ್ಟರಿ?” ಎಂದರು ಅವರು, ಮೆಲ್ಲಗೆ.

ಶ್ರೀಶೈಲ ಕೈಯಲ್ಲಿದ್ದ ಹಾಳೆಗಳನ್ನು ನೋಡಿದ. ನಾಲ್ಕರಲ್ಲೂ ಅದು ಇರಲಿಲ್ಲ.

ಮನೆಗೆ ಬಂದರೆ ಮಗಳು ಬಾಗಿಲಿಗೆ ಬೆನ್ನು ಮಾಡಿ ಶೇಂಗಾ ಸುಲಿಯುತ್ತಿದ್ದಳು. ನೀರು ಬಿಡುವ ಸಾಹೇಬರಿಗೆ ಒಂದು ಮಾತು ಬಿಡಲು ಬಹಳ ಹೊತ್ತು ಹಿಡಿಯಿತು.

“ಯವ್ವಾ, ಹದಿನೇಳ ಎಂಟ್ಲೆ ನನಗ ಬರಂಗಿಲ್ಲ. ಅವತ್ತೂ ಬರ್ತಿರಲಿಲ್ಲ.”

ಅವಳು ತಿರುಗಲಿಲ್ಲ. ಎರಡು ಕಾಯಿ ಸುಲಿದಳು.

“ನೂರಾ ಮೂವತ್ತಾರು. ನನಗ ಅವತ್ತೂ ಬರ್ತಿತ್ತಪ್ಪಾ. ನೀ ಹಿಂದ ಬಂದ ನಿಂತಿ, ಮರ್ತುಬಿಟ್ಟೆ.”

ಈಗಲೂ ತಾನು ನಿಂತಿದ್ದು ಅವಳ ಹಿಂದೆಯೇ ಎಂಬುದು ಆಗ ಶ್ರೀಶೈಲನಿಗೆ ಕಂಡಿತು. ಸುತ್ತಿ ಬಂದು ಅವಳ ಎದುರು ನೆಲದ ಮೇಲೆ ಕುಳಿತ. ಕಣ್ಣೆತ್ತಿ ನೋಡುವ ಧೈರ್ಯವಾಗದೆ, ಒಂದು ಹಿಡಿ ಶೇಂಗಾ ತನ್ನತ್ತ ಎಳೆದುಕೊಂಡ.