ಟೀಚರಮ್ಮನ ಹೊಲ

ನನ್ನನ್ನು ಶಾಲೆಗೆ ಕಳಿಸಿದವರು ಟೀಚರಮ್ಮ. ಶಾಲೆ ಬಿಡಿಸಿದವರೂ ಅವರೇ. ಎರಡನ್ನೂ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ಚಾ ಕುಡಿಯುತ್ತಲೇ ಮಾಡಿದರು.

ಆಂಧ್ರದ ಗಡಿಯಲ್ಲಿ, ಆದೋನಿ ಕಡೆಯ ಪೆದ್ದಹರಿವಾಣಂ ದಾಟಿ ಒಳಗೆ ಹೋದರೆ ನಮ್ಮೂರು. ನಾನು ಏಳನೇ ತರಗತಿ ಮುಗಿಸಿದ ಬೇಸಿಗೆಯಲ್ಲೇ ಮೈನೆರೆದೆ. ಮೈನೆರೆದ ಹುಡುಗಿ ಶಾಲೆ ಬಿಡುವುದು ಊರಲ್ಲಿ ಯಾರೂ ಮಾತಾಡುವಂಥ ಸಂಗತಿಯೇ ಆಗಿರಲಿಲ್ಲ, ಅಷ್ಟು ಸಹಜ. ನನ್ನ ಪುಸ್ತಕದ ಚೀಲವನ್ನು ಅಪ್ಪ ಆಗಲೇ ತಮ್ಮನ ಹೆಗಲಿಗೆ ಹಾಕಿಯಾಗಿತ್ತು. ಆಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಟೀಚರಮ್ಮ ಶಾಲೆ ಶುರುವಾದ ವಾರ ಒಂದು ಸಂಜೆ ತಾವಾಗಿಯೇ ನಮ್ಮ ಮನೆ ಹುಡುಕಿಕೊಂಡು ಬಂದರು.

"ಹುಡುಗಿ ಬಾಳ ಶಾಣೆ ಅದಾಳಂತ. ಮನ್ಯಾಗ ಕುಂದ್ರಿಸಿ ಏನ್ ಮಾಡ್ತೀರಿ? ಸಾಲಿಗೆ ಕಳಸ್ರಿ" ಅಂದರು.

"ಮಂದಿ ಏನರ ಅಂತಾರ್ರಿ ಟೀಚರಮ್ಮ" ಅಂತ ಅಪ್ಪ ತಲೆ ಕೆರೆದುಕೊಂಡ.

"ಮಂದಿ ಬಂದು ನಿಮಗ ಉಣ್ಣಾಕ ಹಾಕ್ತಾರೇನು? ನಾ ಅದೀನಿ. ನನ್ನ ಮಗಳಂಗ ನೋಡ್ಕಂತೀನಿ."

"ನೀವು ಹೇಳಿದ ಮ್ಯಾಲ ಮುಗೀತು ಬಿಡ್ರಿ" ಅಂದ ಅಪ್ಪ. ಅಕ್ಷರ ಬಾರದ ಅಪ್ಪನಿಗೆ ಟೀಚರಮ್ಮನ ಮಾತೆಂದರೆ ಮಾತು. ಮರುದಿನ ತಮ್ಮನ ಹೆಗಲಿಂದ ನನ್ನ ಚೀಲ ಕಿತ್ತುಕೊಂಡು ಹೊರಟೆ. ಅವನು ಅತ್ತ. ಅಳಲಿ ಅಂತ ಬಿಟ್ಟೆ.

ಅಂದಿನಿಂದ ನನಗೆ ಟೀಚರಮ್ಮನ ಹುಚ್ಚು. ಆದೋನಿಯ ಬಸ್ಸಿನಲ್ಲಿ ಅಷ್ಟು ಜನರ ನಡುವೆ ನಿಂತು ಬಂದರೂ ಅವರ ಸೀರೆಯ ನೆರಿಗೆ ಕೆಡುತ್ತಿರಲಿಲ್ಲ. ಬಲಗೈಯಲ್ಲಿ ಕೊಡೆ, ಎಡಹೆಗಲಿಗೆ ಬ್ಯಾಗು. ಅವರ ಹಾಗೆ 'ಅ' ಬರೆಯಲು ಹಿತ್ತಿಲ ಗೋಡೆಯ ಮೇಲೆ ಇದ್ದಿಲಿನಿಂದ ಗೀಚಿ ಗೀಚಿ ಅವ್ವನ ಕೈಯಲ್ಲಿ ಬೈಸಿಕೊಂಡಿದ್ದೇನೆ. ಹತ್ತು ಪಾಸಾಗಬೇಕು, ಆದೋನಿಯ ಕಾಲೇಜಿನಲ್ಲಿ ಇಂಟರ್ ಓದಬೇಕು, ಟೀಚರ್ ಆಗಬೇಕು. ನನಗೆ ಬೇಕಾಗಿದ್ದು ಅದೊಂದೇ.

ಟೀಚರಮ್ಮನ ಗಂಡ ನಮ್ಮೂರ ಪಕ್ಕದಲ್ಲೇ ಬೋರು ಹಾಕಿಸಿ, ಕಂಪನಿಯ ಹೈಬ್ರಿಡ್ ಬೀಜಕ್ಕಾಗಿ ಹತ್ತಿ ಬೆಳೆಯುತ್ತಿದ್ದರು. ಈ ಹತ್ತಿ ತಾನಾಗಿ ಕಾಯಿ ಕಟ್ಟಿದರೆ ನಡೆಯುವುದಿಲ್ಲ. ಮಧ್ಯಾಹ್ನ ಒಂದೊಂದೇ ಮೊಗ್ಗು ಬಿಡಿಸಿ ಒಳಗಿನ ಗಂಡು ಭಾಗವನ್ನು ಉಗುರಿನಿಂದ ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವು ತಂದು ಅದರ ಪುಡಿಯನ್ನು ಆ ಮೊಗ್ಗಿಗೆ ಸವರಬೇಕು. ಕ್ರಾಸಿಂಗ್ ಅನ್ನುತ್ತಾರೆ. ದಸರೆಯ ಆಸುಪಾಸಿನಲ್ಲಿ ಶುರುವಾದರೆ ಎರಡು ಮೂರು ತಿಂಗಳು ಒಂದು ದಿನವೂ ತಪ್ಪಿಸುವಂತಿಲ್ಲ. ಈ ಕೆಲಸಕ್ಕೆ ಹುಡುಗಿಯರೇ ಬೇಕು. ಯಾಕೆ ಅಂದರೆ ಹುಡುಗಿಯರ ಬೆರಳು ಸಣ್ಣ ಅನ್ನುತ್ತಾರೆ. ನನ್ನ ತಮ್ಮನ ಬೆರಳು ನನಗಿಂತ ಸಣ್ಣ. ಅವನನ್ನು ಯಾರೂ ಕರೆಯಲಿಲ್ಲ.

ನಾನು ಹತ್ತನೇ ತರಗತಿಗೆ ಬಂದ ವರ್ಷ ಟೀಚರಮ್ಮ ನಮ್ಮ ಕ್ಲಾಸಿನ ಹುಡುಗಿಯರನ್ನು ವರಾಂಡಕ್ಕೆ ಕರೆದರು. "ಆಳು ಸಿಗವಲ್ಲರು. ಸೀಜನ್ ಮುಗಿಯೋತನ ನಮ್ಮ ಹೊಲಕ್ಕ ಬರ್ರಿ. ಹಾಜರಿ ನಾ ನೋಡ್ಕಂತೀನಿ, ಏಂ ಪರ್ವಾಲೇದು, ಚಿಂತಿ ಬ್ಯಾಡ. ಸೀಜನ್ನಿನಾಗ ನಾವು ಹೊಲದ ಮನ್ಯಾಗ ಇರ್ತೀವಿ, ಸಂಜಿಕ ಅಲ್ಲಿಗೆ ಬಂದ್ರ ತಪ್ಪಿದ ಪಾಠ ಹೇಳಿಕೊಡ್ತೀನಿ" ಅಂದರು.

ನನಗೆ ಹಿಗ್ಗು. ಟೀಚರಮ್ಮ ನನ್ನನ್ನು ತಮ್ಮ ಮನೆಯ ಕೆಲಸಕ್ಕೆ ಕರೆದರು, ಅಂದರೆ ನಾನು ಅವರವಳು. ಅಷ್ಟು ದಡ್ಡಿಯಾಗಿದ್ದೆ. ಕೂಲಿಯನ್ನು ಅವರು ಸರಿಯಾಗಿಯೇ ಕೊಟ್ಟರು, ಅದು ಅಪ್ಪನ ಕೈಗೆ ಹೋಯಿತು. ಆ ವಿಷಯದಲ್ಲಿ ಅವರ ಮೇಲೆ ನನ್ನ ತಕರಾರಿಲ್ಲ.

ಔಷಧಿ ಹೊಡೆದ ಗಿಡಗಳ ನಡುವೆ ದಿನವಿಡೀ ಬಗ್ಗಿ ನಿಂತು ತಲೆ ಸಿಡಿಯುತ್ತಿತ್ತು. ಆದರೂ ಸಂಜೆ ಕೈಕಾಲು ತೊಳೆದು ಪುಸ್ತಕ ಹಿಡಿದು ಹೋದೆ. ಟೀಚರಮ್ಮ ಸುಸ್ತಾಗಿ ಮಲಗಿದ್ದರು. "ನಾಳೆ ಬಾರವ್ವ" ಅಂದರು. ಮರುದಿನವೂ ಅದನ್ನೇ ಅಂದರು. ಆಮೇಲೆ ನಾನೇ ಹೋಗುವುದನ್ನು ಬಿಟ್ಟೆ.

ಅವರ ಮಗಳು ಆದೋನಿಯಲ್ಲಿ ಇಂಗ್ಲಿಷ್ ಮೀಡಿಯಂ ಓದುತ್ತಿದ್ದಳು. ಒಂದು ಭಾನುವಾರ ಹೊಲಕ್ಕೆ ಬಂದು, "ಅಕ್ಕ, ನನಗೂ ತೋರಿಸು" ಅಂತ ನನ್ನ ಪಕ್ಕ ನಿಂತಳು. ಅವಳಿಗೆ ಒಂದು ಮೊಗ್ಗು ಬಿಡಿಸಿ ತೋರಿಸುತ್ತಿದ್ದೆ. ಶೆಡ್ಡಿನಿಂದ ಟೀಚರಮ್ಮ ಕೂಗಿದರು: "ಬಿಸಲಾಗ ನಿಂದ್ರಬ್ಯಾಡ ಪುಟ್ಟಿ, ಔಷಧಿ ವಾಸನಿ ಐತಿ, ಒಳಗ ಬಾ!" ಪುಟ್ಟಿ ಓಡಿದಳು. ನಾನು ಮುಂದಿನ ಗಿಡಕ್ಕೆ ಹೋದೆ. ನನ್ನ ಮಗಳಂಗ ಅಂದಿದ್ದರಲ್ಲ, ಅದು ಆಗಲೂ ನನ್ನ ತಲೆಗೆ ಹೊಳೆಯಲಿಲ್ಲ.

ಸಂಕ್ರಾಂತಿ ಹೊತ್ತಿಗೆ ಶಾಲೆಗೆ ಮರಳಿದರೆ ವಿಜ್ಞಾನದಲ್ಲಿ ಹೂವಿನ ಪಾಠ ಮುಗಿದೇ ಹೋಗಿತ್ತು. ಗಂಡು ಹುಡುಗರು ಕೇಸರ, ಅಂಡಾಶಯ ಅಂತ ಬಾಯಿಪಾಠ ಹಾಕುತ್ತಿದ್ದರು. ಬೋರ್ಡಿನ ಮೇಲೆ ಹೂವು ಬರೆದು ಅವರಿಗೆ ಕಲಿಸಿದವರು ಟೀಚರಮ್ಮನೇ. ನಾವು ಆಗ ಅವರ ಹೊಲದಲ್ಲಿದ್ದೆವು.

ವಿಜ್ಞಾನ ಹೇಗೋ ಪಾಸಾಯಿತು. ಲೆಕ್ಕದಲ್ಲಿ ಫೇಲಾದೆ. ಆ ಮೂರು ತಿಂಗಳಲ್ಲಿ ಆದ ಪಾಠಗಳನ್ನು ಪ್ರಶ್ನೆಪತ್ರಿಕೆಯಲ್ಲಿ ಮೊದಲ ಸಲ ನೋಡಿದೆ ಅಂದರೂ ತಪ್ಪಿಲ್ಲ. ಆದರೆ ನನಗೆ ಭಯವಿರಲಿಲ್ಲ. ಸಪ್ಲಿಮೆಂಟರಿ ಕಟ್ಟಿಸಲು ಟೀಚರಮ್ಮ ಬಂದೇ ಬರುತ್ತಾರೆ ಅಂತ ನಂಬಿದ್ದೆ. ಬಂದರು ಕೂಡ. ಅವರನ್ನು ದೂರದಿಂದ ಕಂಡೇ ಅವ್ವನಿಗೆ ಚಾ ಇಡಲು ಹೇಳಿ, ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

"ಈಕಿಗೆ ಓದು ತಲಿಗೆ ಹತ್ತಂಗಿಲ್ಲ ಬಿಡ್ರಿ. ಸುಮ್ನ ಯಾಕ ಮತ್ತ ಪರೀಕ್ಷೆ ಕಟ್ಟಿಸ್ತೀರಿ? ಈ ವರ್ಷ ನಾವು ಹತ್ತಿ ಜಾಸ್ತಿ ಹಾಕ್ತೀವಿ. ಈಕಿ ಇದ್ರ ಸಣ್ಣ ಹುಡುಗೇರಿಗೆ ಕೆಲಸ ಹೇಳಿಕೊಡ್ತಾಳ. ಎರಡು ವರ್ಷ ದುಡೀಲಿ, ಆಮ್ಯಾಲ ಮದುವಿ ಮಾಡ್ರಿ."

ಅಪ್ಪ ತಲೆ ಕೆರೆದುಕೊಂಡ. ಆಮೇಲೆ, "ನೀವು ಹೇಳಿದ ಮ್ಯಾಲ ಮುಗೀತು ಬಿಡ್ರಿ" ಅಂದ.

ಬಾಗಿಲ ಹಿಂದೆ ನಿಂತ ನನಗೆ ಅಳುವೂ ಬರಲಿಲ್ಲ. ಟೀಚರಮ್ಮ ತಮಾಷೆ ಮಾಡುತ್ತಿದ್ದಾರೆ, ಈಗ ನಗುತ್ತಾರೆ ಅಂತ ಕಾಯುತ್ತಿದ್ದೆ. ಅವರು ಚಾ ಮುಗಿಸಿ, ಸಕ್ಕರೆ ಸರಿಯಾಗಿದೆ ಅಂತ ಅವ್ವನಿಗೆ ಹೇಳಿ ಹೊರಟುಹೋದರು.

ಎರಡು ವರ್ಷದ ನಂತರ ನನ್ನ ತಮ್ಮ ಹತ್ತನೇ ತರಗತಿಯ ಎರಡು ವಿಷಯಗಳಲ್ಲಿ ಫೇಲಾದ. ಅವನನ್ನು ಆದೋನಿಗೆ ಟ್ಯೂಷನ್ನಿಗೆ ಹಾಕಿದರು. ಅವನ ತಲೆಗೆ ಓದು ಹತ್ತುವುದಿಲ್ಲ ಅಂತ ಯಾರಿಗೂ ಅನ್ನಿಸಲಿಲ್ಲ.

ನನ್ನನ್ನು ಆದೋನಿಗೇ ಮದುವೆ ಮಾಡಿಕೊಟ್ಟರು. ಎರಡು ಮಕ್ಕಳಾದ ಮೇಲೆ ಹಟಕ್ಕೆ ಬಿದ್ದು ಓಪನ್ ಸ್ಕೂಲಿನಲ್ಲಿ ಹತ್ತು ಪಾಸು ಮಾಡಿದೆ. ಟೀಚರ್ ಆಗುವ ವಯಸ್ಸು ದಾಟಿತ್ತು. ಈಗ ಬ್ಲೌಸು ಹೊಲಿಯುತ್ತೇನೆ. ಅಪ್ಪನ ಮೇಲೆ ನನಗೆ ಎಂದೂ ಸಿಟ್ಟು ಬರಲಿಲ್ಲ. ಓದು ಬಾರದ ಮನುಷ್ಯ, ಓದಿದವಳ ಮಾತು ನಂಬಿದ. ನನ್ನ ಹಾಗೆ ಅವನೂ ಮೋಸ ಹೋದ ಅಂದುಕೊಂಡಿದ್ದೆ. ಮೋಸ ಹೋದವರಲ್ಲಿ ಇನ್ನೊಬ್ಬರಿದ್ದಾರೆ ಅನ್ನುವುದೂ ಒಂದು ಸಮಾಧಾನವೇ.

ಕಳೆದ ವರ್ಷ ಆದೋನಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ಊಟಕ್ಕೆ ಕೂತಾಗ ಎದುರಿನ ಸಾಲಿನಲ್ಲಿ ಟೀಚರಮ್ಮ, ಪಕ್ಕದಲ್ಲಿ ಕಾಲೇಜಿನಲ್ಲಿ ಪಾಠ ಹೇಳುವ ಅವರ ಮಗಳು. ನನ್ನನ್ನು ಗುರುತು ಹಿಡಿದು, ಎಲ್ಲರಿಗೂ ಕೇಳುವಂತೆ ಮಗಳಿಗೆ ಹೇಳಿದರು: "ಈಕಿ ನನ್ನ ಸ್ಟೂಡೆಂಟು. ಬಾಳ ಶಾಣ್ಯಾಕಿ. ಏನ್ ಮಾಡೋದು, ಇವರಪ್ಪ ಓದಿಸಲಿಲ್ಲ. ನಮ್ಮ ಹಳ್ಳಿ ಮಂದಿಗೆ ಹೆಣ್ಮಕ್ಕಳ ಓದು ಅಂದ್ರ ಅಸಡ್ಡಿ."

ಅಪ್ಪ ನನ್ನ ಪಕ್ಕದಲ್ಲೇ ಇದ್ದ. ನಾನು ಬಾಯಿ ತೆಗೆಯುವಷ್ಟರಲ್ಲಿ ಎಂಜಲು ಕೈಯಲ್ಲೇ ಅವರಿಗೆ ಕೈ ಮುಗಿದು, "ಹೌದ್ರಿ ಟೀಚರಮ್ಮ, ತಪ್ಪು ನಂದೇ ಐತಿ" ಅಂದ.

ಅವನ ಜೊತೆ ಊರಿಗೆ ಹೋಗಿ ಅವ್ವನ ಹತ್ತಿರ ನಾಲ್ಕು ದಿನ ಇರುವ ಯೋಚನೆಯಿತ್ತು. ಶೇರ್ ಆಟೋದಲ್ಲಿ ಕೂತ ಮೇಲೆ ತಡೆಯಲಾಗದೆ ಕೇಳಿದೆ, "ಯಾಕಪ್ಪ ಹಂಗಂದಿ? ಓದು ಬ್ಯಾಡ ಅಂದಾಕಿ ಆಕಿ. ನನಗ ಮೋಸ ಮಾಡಿದ್ಲು, ನಿನಗೂ ಮಾಡಿದ್ಲು."

"ನನಗೇನು ಮೋಸವ್ವ?" ಅಂದ ಅಪ್ಪ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ. "ಆಕಿಗೆ ಹೊಲಕ್ಕ ಆಳು ಬೇಕಾಗಿತ್ತು. ಅದು ನನಗ ಅವತ್ತೇ ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನಿದ್ದೇನು?"

"ನಿನ್ನ ತಮ್ಮನ ಮಾತಾಗಿದ್ರ ಜಗಳಾನೇ ಮಾಡ್ತಿದ್ದೆ. ಹೆಣ್ಣುಹುಡುಗಿ, ಹೋಗ್ಲಿ ಬಿಡು ಅಂದ್ಕಂಡೆ."

ಅದನ್ನು ಹೇಳುವಾಗ ಅವನ ಮುಖದಲ್ಲಿ ಅಳುಕಿರಲಿಲ್ಲ, ಕೆಟ್ಟತನವೂ ಇರಲಿಲ್ಲ. ಇಷ್ಟು ವರ್ಷ ಮೋಸ ಹೋದವರು ನಾವಿಬ್ಬರು ಅಂತ ನಂಬಿದ್ದೆ. ಮೋಸ ಹೋದವಳು ನಾನೊಬ್ಬಳೇ.

ನಮ್ಮೂರ ಸ್ಟಾಪಿನಲ್ಲಿ ಅಪ್ಪ ಇಳಿದು, ಬಾ ಅಂತ ನನ್ನ ಬ್ಯಾಗಿಗೆ ಕೈ ಚಾಚಿದ. ನಾನು ಇಳಿಯಲಿಲ್ಲ. ಅದೇ ಆಟೋದಲ್ಲಿ ಆದೋನಿಗೆ ವಾಪಸ್ ಬಂದೆ.