ಆಶಾರಾಣಿ ಉಲ್ಲೇಖಿಸಿದ ಹೆಸರು

ನಂಗಲಿ ಬಳಿಯ ಹಳ್ಳಿಯವಳಾದ ಆಶಾರಾಣಿ ಮುಳಬಾಗಿಲಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪಿಎಚ್‌.ಡಿ. ಮುಗಿದರೆ ಕೆಲಸ ಕಾಯಂ ಆದೀತೆಂಬ ಆಸೆಗೆ ಜೋತುಬಿದ್ದಿದ್ದಳು. ವಿಷಯ ಮನೆಯದೇ. ತಾಯಿ ಆದಿಲಕ್ಷ್ಮಮ್ಮ ರೇಷ್ಮೆ ಹುಳ ಸಾಕುವವರು. ಹೊರಗೆಲ್ಲ ಕನ್ನಡ ಆಡುವ ಆ ಊರಿನ ಹೆಂಗಸರು, ಹುಳ ಸೊಪ್ಪು ಬಿಟ್ಟು, ಪೊರೆ ಕಳಚಲು ಜ್ವರಕ್ಕೆ ಕೂತಾಗ, ಮೆಲುದನಿಯ ತೆಲುಗಿಗೆ ಹೊರಳುತ್ತಾರೆ. ತೊಟ್ಟಿಲ ಮಗುವಿನ ಹತ್ತಿರ ಆಡುವ ಮಾತನ್ನೇ ಹುಳದ ಹತ್ತಿರ ಆಡುತ್ತಾರೆ. ಅದನ್ನು ಯಾರೂ ಬರೆದಿರಲಿಲ್ಲ. ಇವಳು ಬರೆದಳು.

ಮೊದಲು ಓದಿದ್ದು ಕೋಲಾರದ ಒಂದು ವಿಚಾರ ಸಂಕಿರಣದಲ್ಲಿ. ನಮ್ಮ ಸಂಕಿರಣಗಳ ಹಣೆಬರಹ ಗೊತ್ತಲ್ಲ, ಊಟದ ಹೊತ್ತಿಗೆ ಸರ್ಟಿಫಿಕೇಟ್ ಕೈಗೆ ಬಂತೆಂದರೆ ಸಭಾಂಗಣ ಖಾಲಿ. ಇವಳ ಸರದಿ ಬಂದಾಗ ಮನಸ್ಸಿಟ್ಟು ಕೇಳಿದವರು ಗೋಷ್ಠಿಯ ಅಧ್ಯಕ್ಷರಾಗಿದ್ದ ಪ್ರೊಫೆಸರ್ ಸುಬ್ಬರಾಯಪ್ಪ ಒಬ್ಬರೇ. "ಚೆನ್ನಾಗಿದೆಯಮ್ಮ, ಇದನ್ನ ನಂಗೆ ಕೊಟ್ಟಿರು" ಎಂದರು. ಅವಳ ಕಣ್ಣು ತುಂಬಿಬಂತು. ಕಾಲಿಗೆ ನಮಸ್ಕರಿಸಿ, ಗುರುಕಾಣಿಕೆ ಒಪ್ಪಿಸುವಂತೆ ಎರಡೂ ಕೈಯಲ್ಲಿ ಪ್ರತಿ ಕೊಟ್ಟಳು. ಹಿರಿಯರು ಕೇಳಿದ್ದಕ್ಕೆ ಇಲ್ಲವೆನ್ನಲು ಅವಳಿಗೆ ಯಾರೂ ಕಲಿಸಿರಲಿಲ್ಲ. ಸಂಕಿರಣದ ಪುಸ್ತಕ ಅಚ್ಚಾಗಲೇ ಇಲ್ಲ. ಸುಬ್ಬರಾಯಪ್ಪನವರ ಲೇಖನ ಅಚ್ಚಾಯಿತು.

ಅದು ತಿಳಿದದ್ದು ಅವಳ ಮಹಾಪ್ರಬಂಧವನ್ನು ನಕಲು ಪತ್ತೆಹಚ್ಚುವ ಕಂಪ್ಯೂಟರ್ ಪರೀಕ್ಷೆಗೆ ಹಾಕಿದಾಗ. ಮುಖ್ಯ ಅಧ್ಯಾಯವಿಡೀ ಕೆಂಪು. ಅವಳ ವಾಕ್ಯಗಳಿಗೆ, ಅವಳಮ್ಮನ ಮಾತುಗಳಿಗೆ ಪ್ರೊಫೆಸರರ ಹೆಸರು! ಗ್ರಂಥಸೂಚಿಯ ಡೇಟಾಬೇಸ್ ತೆರೆದು, ಕೋಲಾರದ ತನ್ನ ಉಪನ್ಯಾಸವನ್ನೇ ಮೂಲ ಆಕರವಾಗಿ ಸೇರಿಸಲು ಕೂತಳು. ಊರು, ದಿನಾಂಕ ತುಂಬಿದಳು. ಕಂಪ್ಯೂಟರ್ ಪುಟಸಂಖ್ಯೆ ಕೇಳಿತು. ಬರೀ ಆಡಿದ ಮಾತಿಗೆ ಎಲ್ಲಿಯ ಪುಟ? ಎಷ್ಟು ಸಲ ಒತ್ತಿದರೂ ಅದು ತೆಗೆದುಕೊಳ್ಳಲಿಲ್ಲ.

ಮಾರ್ಗದರ್ಶಕ ಮುನಿರಾಮಪ್ಪ ಒಳ್ಳೆಯ ಮನುಷ್ಯ, ಆದರೆ ಮಹಾ ಪುಕ್ಕಲ.

"ಸರ್, ಅದು ನಂದು. ನೀವೇ ತಿದ್ದಿದ್ರಲ್ಲ."

"ಗೊತ್ತು ಕಣಮ್ಮ. ಆದ್ರೆ ವೈವಾಗೆ ಪರೀಕ್ಷಕರಾಗಿ ಬರೋದು ಸುಬ್ಬರಾಯಪ್ಪನೋರ ಶಿಷ್ಯರೇ. ಅವರ ಲೇಖನ ಉಲ್ಲೇಖ ಮಾಡ್ಬಿಡು, ಕೆಂಪೆಲ್ಲ ಹೋಗ್ತದೆ. ಇಲ್ಲಾಂದ್ರೆ ನೀನೇ ಕದ್ದೋಳಾಗ್ತೀಯ."

ಮಾಡಿದಳು. ಅಮ್ಮನ ಒಂದೊಂದು ಮಾತಿನ ಕೆಳಗೂ ಆ ಹೆಸರನ್ನೇ ಟೈಪು ಮಾಡಿದಳು. ತನ್ನ ಬೆರಳುಗಳ ಮೇಲೇ ಅವಳಿಗೆ ಅಸಹ್ಯ ಹುಟ್ಟಿತು.

ವೈವಾದ ದಿನ ಆದಿಲಕ್ಷ್ಮಮ್ಮ ಹೊಸ ಸೀರೆಯುಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪರೀಕ್ಷಕರು ಹುಳದ ಮನೆಯ ಮಾತುಗಳನ್ನು ಓದಿ ಹೇಳಿ, "ಸುಬ್ಬರಾಯಪ್ಪನವರ ಶೋಧನೆಗೆ ನ್ಯಾಯ ಒದಗಿಸಿದ್ದೀರಿ" ಎಂದು ಹೊಗಳಿದರು.

"ಥ್ಯಾಂಕ್ಸ್ ಸರ್" ಎಂದಳು ಆಶಾರಾಣಿ. ಚಪ್ಪಾಳೆ ಬಿತ್ತು.

ಊಟಕ್ಕೆ ಕೂತಾಗ ತಾಯಿ ಅವಳತ್ತ ಬಗ್ಗಿದರು. "ಅವ್ರು ಓದಿದ್ದೆಲ್ಲ ನಾನಾಡೋ ಮಾತಲ್ವೇನೇ? ಆ ಸುಬ್ಬರಾಯಪ್ಪ ಅನ್ನೋರು ನಮ್ ಹುಳದ್ ಮನೆಗೆ ಯಾವಾಗ್ ಬಂದಿದ್ರೇ?"

ಆಶಾರಾಣಿ ತಲೆ ಎತ್ತಲಿಲ್ಲ.

"ಬಂದಿದ್ರಮ್ಮ. ನೀನೇ ಮರ್ತಿದೀಯ."